ಒಮ್ಮೆ ಹೋದ ದೋಷ ಮತ್ತೆ ಬರದಿರಲಿ: ಲಿನಕ್ಸ್ ಕರ್ನಲ್‌ನ ವರ್ಚುವಲ್ ಮಷೀನ್ ವ್ಯವಸ್ಥೆಗೆ ರಿಗ್ರೆಷನ್ ಟೆಸ್ಟ್ ಬರೆಯುವುದು ಹೇಗೆ?

ಬೆಳ್ಳಾವಿಯಲ್ಲಿ ಕೂತು ಮೊಬೈಲಿನಲ್ಲಿ ಒಂದು ಆ್ಯಪ್ ತೆರೆದರೆ, ಉತ್ತರ ಬರುವುದು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಡೇಟಾ ಸೆಂಟರಿನಿಂದ. ಆ ಆ್ಯಪ್‌ಗೆಂದೇ ಅಲ್ಲಿ ಒಂದು ಇಡೀ ಕಂಪ್ಯೂಟರನ್ನು ಮೀಸಲಿಟ್ಟಿರುವುದು ಅಪರೂಪ. ಒಂದು ದೊಡ್ಡ ಸರ್ವರನ್ನು ಹತ್ತಾರು ವರ್ಚುವಲ್ ಮಷೀನ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಗ್ರಾಹಕರಿಗೆ ಬಾಡಿಗೆಗೆ ಕೊಟ್ಟಿರುತ್ತಾರೆ. ಗೂಗಲ್ ಕ್ಲೌಡ್ ನಿಂತಿರುವುದು ಲಿನಕ್ಸ್ ಕರ್ನಲ್‌ನೊಳಗಿನ ಕೆವಿಎಂ ಎಂಬ ಭಾಗದ ಮೇಲೆ. ಅಮೆಜಾನ್ 2017ರಲ್ಲಿ ತಂದ ನೈಟ್ರೊ ವ್ಯವಸ್ಥೆಯ ಬುಡದಲ್ಲಿರುವುದೂ ಅದೇ. 2022ರ ಆಂಡ್ರಾಯ್ಡ್ 13ರಿಂದ ಈಚೆಗೆ ಕೆಲವು ಫೋನುಗಳ ಒಳಗೂ ಇದೇ ಕೆವಿಎಂನ ಬಿಗಿಗೊಳಿಸಿದ ಒಂದು ರೂಪ ಕೆಲಸ ಮಾಡುತ್ತಿದೆ.

ಇಷ್ಟು ಜನ ನಂಬಿಕೊಂಡಿರುವ ಈ ಕೋಡ್ ಪ್ರತಿ ವಾರವೂ ಬದಲಾಗುತ್ತಲೇ ಇರುತ್ತದೆ. ಬದಲಾದಾಗ ನಿನ್ನೆ ಸರಿಯಾಗಿದ್ದದ್ದು ಇಂದು ಕೆಡಬಾರದು. ಅದನ್ನು ಕಾಯುವ ಕೆಲಸ ರಿಗ್ರೆಷನ್ ಟೆಸ್ಟ್‌ನದು. ಅಂಥ ಟೆಸ್ಟ್ ಹೇಗೆ ಕೆಲಸ ಮಾಡುತ್ತದೆ, ಅದನ್ನು ಬರೆಯುವುದು ಹೇಗೆ ಎಂಬುದನ್ನು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಸಿ ಭಾಷೆ ಒಂದಷ್ಟು ಗೊತ್ತಿದ್ದು, ಆಪರೇಟಿಂಗ್ ಸಿಸ್ಟಮ್ ಪಾಠ ಕೇಳಿದವರಿಗೆ ಇಷ್ಟೂ ಅರ್ಥವಾಗುತ್ತದೆ.

ವರ್ಚುವಲ್ ಮಷೀನ್ ಒಳಗೆ ನಡೆಯುವುದೇನು?

ವರ್ಚುವಲ್ ಮಷೀನನ್ನು ಹಳೆಯ ವಠಾರದ ಹಾಗೆ ಕಲ್ಪಿಸಿಕೊಳ್ಳಬಹುದು. ಒಬ್ಬ ಯಜಮಾನ, ಸಾಲಾಗಿ ಹಲವು ಬಾಡಿಗೆಮನೆ. ಪ್ರತಿ ಬಾಡಿಗೆದಾರನಿಗೂ ತನ್ನದೇ ಬಾಗಿಲು, ತನ್ನದೇ ಅಡುಗೆಮನೆ. ನೀರು, ಕರೆಂಟು ಮಾತ್ರ ಯಜಮಾನನ ಕೈಯಲ್ಲಿ. ಇಲ್ಲಿ ಯಜಮಾನನ ಸ್ಥಾನದಲ್ಲಿರುವುದು ಹೋಸ್ಟ್ ಕರ್ನಲ್, ಬಾಡಿಗೆದಾರನ ಸ್ಥಾನದಲ್ಲಿ ಗೆಸ್ಟ್. ಪಕ್ಕದ ಮನೆಗೆ ನುಗ್ಗಲು ಯಾವ ಗೆಸ್ಟ್‌ಗೂ ಆಗಕೂಡದು. ಯಜಮಾನನ ಕೋಣೆಗೆ ನುಗ್ಗುವುದಂತೂ ಸುತರಾಂ ಆಗಕೂಡದು.

ಈ ಬೇಲಿಯನ್ನು ಬರೀ ಸಾಫ್ಟ್‌ವೇರ್‌ನಿಂದ ಕಟ್ಟಿದರೆ ವೇಗ ಸಿಗುವುದಿಲ್ಲ. ಹಾಗಾಗಿ 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಪ್ರೊಸೆಸರ್‌ಗಳಲ್ಲೇ ಇದಕ್ಕೆ ಬೇಕಾದ ಸೌಲಭ್ಯ ತಂದವು. ಅದನ್ನು ಬಳಸಿಕೊಂಡು ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಅವಿ ಕಿವಿಟಿ 2006ರಲ್ಲಿ ಕೆವಿಎಂ ಬರೆದರು. 2007ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ 2.6.20ರಲ್ಲಿ ಅದು ಕರ್ನಲ್‌ನ ಭಾಗವಾಯಿತು. ಮರುವರ್ಷ ರೆಡ್ ಹ್ಯಾಟ್ ಆ ಕಂಪನಿಯನ್ನೇ ಕೊಂಡುಕೊಂಡಿತು.

ಕೆವಿಎಂ ಜೊತೆ ಮಾತಾಡುವ ಕ್ರಮ ಸರಳ. ಒಂದು ಸಾಮಾನ್ಯ ಪ್ರೋಗ್ರಾಂ ಡೆವ್ ಫೋಲ್ಡರಿನಲ್ಲಿರುವ ಕೆವಿಎಂ ಎಂಬ ಸಾಧನಕಡತವನ್ನು ತೆರೆಯುತ್ತದೆ. ಆಮೇಲೆ ಐಯಾಕ್ಟಲ್ ಕರೆಗಳ ಮೂಲಕ ಒಂದೊಂದಾಗಿ ಕೇಳುತ್ತದೆ: ಒಂದು ವರ್ಚುವಲ್ ಮಷೀನ್ ಕೊಡು, ಅದಕ್ಕೆ ಒಂದು ವರ್ಚುವಲ್ ಸಿಪಿಯು ಕೊಡು, ನನ್ನ ಮೆಮೊರಿಯ ಈ ಭಾಗವನ್ನು ಗೆಸ್ಟ್‌ನ ಮೆಮೊರಿಯಾಗಿ ತೋರಿಸು, ಇನ್ನು ಓಡಿಸು. ಓಡಿಸು ಎಂದೊಡನೆ ಪ್ರೊಸೆಸರ್ ಗೆಸ್ಟ್‌ನ ಕೋಡನ್ನು ನೇರವಾಗಿ ನಡೆಸತೊಡಗುತ್ತದೆ. ತನಗೆ ಅನುಮತಿಯಿಲ್ಲದ ಏನನ್ನಾದರೂ ಗೆಸ್ಟ್ ಮಾಡಹೊರಟರೆ ಪ್ರೊಸೆಸರ್ ಅಲ್ಲೇ ನಿಲ್ಲಿಸಿ ಹೋಸ್ಟ್‌ಗೆ ಹಿಂತಿರುಗುತ್ತದೆ. ಇದಕ್ಕೆ ಎಕ್ಸಿಟ್ ಎನ್ನುತ್ತಾರೆ. ಎಷ್ಟೋ ಎಕ್ಸಿಟ್‌ಗಳನ್ನು ಕೆವಿಎಂ ತಾನೇ ನಿಭಾಯಿಸುತ್ತದೆ. ಡಿಸ್ಕ್, ನೆಟ್‌ವರ್ಕ್‌ನಂಥ ಸಾಧನಗಳ ಕೆಲಸವಾದರೆ ಹೊರಗಿನ ಪ್ರೋಗ್ರಾಂಗೆ ಒಪ್ಪಿಸುತ್ತದೆ. ಸಾಮಾನ್ಯವಾಗಿ ಆ ಪ್ರೋಗ್ರಾಂ ಕ್ಯೂಎಂಯು ಆಗಿರುತ್ತದೆ. ಟೆಸ್ಟ್ ನಡೆಸುವಾಗ ಅದರ ಜಾಗದಲ್ಲಿ ನಿಮ್ಮ ಟೆಸ್ಟ್ ಪ್ರೋಗ್ರಾಮೇ ಕೂರಬಹುದು.

ಕೆಡುವುದು ಹೇಗೆ?

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ. ಒಂದೊಂದು ಆವೃತ್ತಿಯಲ್ಲೂ ಹತ್ತು ಸಾವಿರಕ್ಕೂ ಮಿಕ್ಕಿ ಬದಲಾವಣೆಗಳಿರುತ್ತವೆ. ಬಳಕೆದಾರರ ಪ್ರೋಗ್ರಾಂ ಹಿಂದಿನ ಕರ್ನಲ್‌ನಲ್ಲಿ ಓಡುತ್ತಿತ್ತೆಂದರೆ ಹೊಸದರಲ್ಲೂ ಓಡಲೇಬೇಕು ಎನ್ನುವುದು ಲಿನಸ್ ಟೊರ್ವಾಲ್ಡ್ಸ್ ಮೊದಲಿನಿಂದಲೂ ಬಿಡದೆ ಪಾಲಿಸಿಕೊಂಡು ಬಂದಿರುವ ನಿಯಮ. ಆದರೆ ಕೋಡನ್ನು ಚೊಕ್ಕಗೊಳಿಸಲು ಹೊರಟಾಗಲೂ ತಪ್ಪು ನುಸುಳುತ್ತದೆ.

ಒಂದು ನಿಜವಾದ ಉದಾಹರಣೆ. ಗೆಸ್ಟ್ ತನ್ನೊಳಗೇ ಇನ್ನೊಂದು ಗೆಸ್ಟನ್ನು ನಡೆಸಬಹುದು. ಇದು ನೆಸ್ಟೆಡ್ ವರ್ಚುವಲೈಸೇಷನ್. ಎಎಂಡಿ ಪ್ರೊಸೆಸರ್‌ಗಳಲ್ಲಿ ಇದಕ್ಕಾಗಿ ಹೊರಗಿನ ಗೆಸ್ಟ್ ತನ್ನ ಮೆಮೊರಿಯಲ್ಲಿ ಒಂದು ನಿಯಂತ್ರಣ ಪಟ್ಟಿ ಸಿದ್ಧಪಡಿಸಿ, ಇದರಂತೆ ಒಳಗಿನವನನ್ನು ನಡೆಸು ಎಂದು ಕೇಳುತ್ತದೆ. ಹೋಸ್ಟ್ ಕರ್ನಲ್ ಆ ಪಟ್ಟಿಯನ್ನು ಪರಿಶೀಲಿಸಿ, ಅಪಾಯವಿಲ್ಲ ಎಂದಾದ ಮೇಲೆ ಜಾರಿಗೆ ತರಬೇಕು. ಲಿನಕ್ಸ್ 5.10ರಲ್ಲಿ ಬಂದ ಒಂದು ಬದಲಾವಣೆಯಿಂದ ಈ ಪಟ್ಟಿಯನ್ನು ಎರಡು ಸಲ ಓದುವಂತಾಯಿತು: ಪರಿಶೀಲಿಸುವಾಗ ಒಮ್ಮೆ, ಬಳಸುವಾಗ ಇನ್ನೊಮ್ಮೆ. ಪಟ್ಟಿ ಇರುವುದು ಗೆಸ್ಟ್‌ನ ಮೆಮೊರಿಯಲ್ಲಿ. ಎರಡು ಓದುಗಳ ನಡುವಿನ ಸಣ್ಣ ಸಂದಿನಲ್ಲಿ ಗೆಸ್ಟ್‌ನ ಇನ್ನೊಂದು ವರ್ಚುವಲ್ ಸಿಪಿಯು ಆ ಪಟ್ಟಿಯನ್ನು ತಿದ್ದಿಬಿಡಬಹುದಿತ್ತು. ಪರಿಶೀಲನೆ ಆದದ್ದು ಒಂದಕ್ಕೆ, ಜಾರಿಯಾದದ್ದು ಇನ್ನೊಂದು. ಈ ದಾರಿಯಲ್ಲಿ ಗೆಸ್ಟ್‌ನಿಂದ ಹೋಸ್ಟ್‌ಗೇ ನುಗ್ಗಬಹುದು ಎಂದು ಗೂಗಲ್‌ನ ಪ್ರಾಜೆಕ್ಟ್ ಝೀರೊ ತಂಡದ ಫೆಲಿಕ್ಸ್ ವಿಲ್ಹೆಲ್ಮ್ 2021ರಲ್ಲಿ ತೋರಿಸಿಕೊಟ್ಟರು. ಕ್ಯೂಎಂಯುವಿನಂಥ ಹೊರಗಿನ ಪ್ರೋಗ್ರಾಂನ ದೋಷದ ನೆರವಿಲ್ಲದೆ, ಬರೀ ಕೆವಿಎಂನೊಳಗಿನ ದೋಷದಿಂದಲೇ ಹೋಸ್ಟ್‌ಗೆ ನುಗ್ಗುವುದನ್ನು ಬಹಿರಂಗವಾಗಿ ವಿವರಿಸಿದ್ದು ಅದೇ ಮೊದಲು. ಪರಿಹಾರ ಚಿಕ್ಕದು: ಮೊದಲು ಪಟ್ಟಿಯನ್ನು ಹೋಸ್ಟ್‌ನ ಮೆಮೊರಿಗೆ ನಕಲಿಸಿಕೊಂಡು, ಆಮೇಲೆ ಆ ನಕಲನ್ನೇ ಪರಿಶೀಲಿಸುವುದು.

ಗಮನಿಸಬೇಕಾದ ಮಾತೆಂದರೆ, ಆ ಬದಲಾವಣೆ ಮಾಡಿದವರು ಅನುಭವಿಗಳು, ನೋಡಿ ಒಪ್ಪಿದವರೂ ಅನುಭವಿಗಳು. ಒಳ್ಳೆಯ ಕಣ್ಣುಗಳು ಮಾತ್ರ ಸಾಲವು. ಯಾರು ಯಾವಾಗ ಕೋಡ್ ಮುಟ್ಟಿದರೂ ತಾನಾಗಿಯೇ ಓಡಿ, ಇದು ಕೆಟ್ಟಿದೆ ಎಂದು ಕೂಗಿ ಹೇಳುವ ಟೆಸ್ಟ್ ಬೇಕು.

ಬೆಂಗಳೂರಿನಿಂದ ಬಂದ ಕೆವಿಎಂ

ಈ ಕೆಲಸ ನಮಗೆ ದೂರದ್ದೇನಲ್ಲ. ರಿಸ್ಕ್-ಫೈವ್ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸಕ್ಕೆ ಕೆವಿಎಂ ತಂದುಕೊಟ್ಟವರಲ್ಲಿ ಮುಖ್ಯರು ಅನೂಪ್ ಪಟೇಲ್. ಆಗ ಅವರು ಬೆಂಗಳೂರಿನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯಲ್ಲಿದ್ದರು. ಕರ್ನಲ್‌ನ ನಿರ್ವಾಹಕರ ಪಟ್ಟಿಯಲ್ಲಿ ಆ ಭಾಗದ ಹೊಣೆ ಅವರ ಹೆಸರಿನಲ್ಲಿದೆ. 2019ರಲ್ಲೇ ಮೊದಲ ಪ್ಯಾಚ್‌ಗಳು ಬಂದರೂ, ಪ್ರೊಸೆಸರ್‌ನ ಹೈಪರ್‌ವೈಸರ್ ನಿರ್ದಿಷ್ಟತೆ ಅಂತಿಮಗೊಳ್ಳದೆ ಕೋಡ್ ಸೇರಿಸುವುದಿಲ್ಲ ಎಂಬ ನಿಲುವಿನಿಂದಾಗಿ ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಕೊನೆಗೆ 2022ರ ಜನವರಿಯಲ್ಲಿ ಬಂದ ಲಿನಕ್ಸ್ 5.16ರಲ್ಲಿ ಅದು ಸೇರಿತು. ಮರು ಆವೃತ್ತಿ 5.17ರಲ್ಲೇ ರಿಸ್ಕ್-ಫೈವ್ ಕೆವಿಎಂಗೆ ಸೆಲ್ಫ್‌ಟೆಸ್ಟ್‌ಗಳ (ಕರ್ನಲ್‌ನ ಮೂಲದೊಳಗೇ ಇರುವ ಟೆಸ್ಟ್‌ಗಳ) ಮೊದಲ ಕಂತೂ ಬಂತು. ಸೌಲಭ್ಯದ ಹಿಂದೆಯೇ ಟೆಸ್ಟ್ ಬಂದ ಈ ಕ್ರಮವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

2023ರಲ್ಲಿ, ಲಿನಕ್ಸ್ 6.6ರ ಹೊತ್ತಿಗೆ, ರಿಸ್ಕ್-ಫೈವ್‌ಗೂ ಸಿಕ್ಕ ಒಂದು ಟೆಸ್ಟ್ ರಿಗ್ರೆಷನ್ ಎಂದರೇನು ಎಂಬುದನ್ನು ಸೊಗಸಾಗಿ ತೋರಿಸುತ್ತದೆ. ಅದರ ಹೆಸರು ಗೆಟ್-ರೆಗ್-ಲಿಸ್ಟ್. ಓಡುತ್ತಿರುವ ವರ್ಚುವಲ್ ಮಷೀನನ್ನು ನಿಲ್ಲಿಸದೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವುದುಂಟು. ಇದು ಲೈವ್ ಮೈಗ್ರೇಷನ್. ಹಾಗೆ ಸಾಗಿಸುವಾಗ ವರ್ಚುವಲ್ ಸಿಪಿಯುವಿನ ಎಲ್ಲ ರಿಜಿಸ್ಟರ್‌ಗಳ ಬೆಲೆಯನ್ನು ಹಳೆಯ ಕಡೆ ಓದಿ, ಹೊಸ ಕಡೆ ಬರೆಯಬೇಕು. ಯಾವ ಯಾವ ರಿಜಿಸ್ಟರ್‌ಗಳಿವೆ ಎಂದು ಕೆವಿಎಂ ಒಂದು ಪಟ್ಟಿ ಕೊಡುತ್ತದೆ. ಹೊಸ ಕರ್ನಲ್‌ನ ಪಟ್ಟಿಯಲ್ಲಿ ಹೊಸ ರಿಜಿಸ್ಟರ್ ಹೆಚ್ಚಿಗೆ ಕಂಡರೆ ತೊಂದರೆಯಿಲ್ಲ. ಗೆಸ್ಟ್ ಅದನ್ನು ಬಳಸಿಯೇ ಇರುವುದಿಲ್ಲ. ಆದರೆ ಹಳೆಯ ಕರ್ನಲ್‌ನಲ್ಲಿದ್ದ ಒಂದು ರಿಜಿಸ್ಟರ್ ಹೊಸದರಲ್ಲಿ ಕಾಣೆಯಾಗಿದ್ದರೆ, ಅದರ ಬೆಲೆಯನ್ನು ಬರೆಯಲು ಜಾಗವೇ ಇಲ್ಲದೆ ಸಾಗಣೆ ವಿಫಲವಾಗುತ್ತದೆ. ಆದ್ದರಿಂದ ಟೆಸ್ಟ್‌ನಲ್ಲೇ ಒಂದು ಒಪ್ಪಿತ ಪಟ್ಟಿ ಬರೆದಿಟ್ಟಿದ್ದಾರೆ. ಈಗಿನ ಕರ್ನಲ್ ಕೊಡುವ ಪಟ್ಟಿಯಲ್ಲಿ ಅವುಗಳಲ್ಲಿ ಒಂದು ಇಲ್ಲದಿದ್ದರೂ ಟೆಸ್ಟ್ ಫೇಲ್.

ಸೇರಿದರೆ ಪರವಾಗಿಲ್ಲ, ಕಳೆಯಬಾರದು. ಬಳಕೆದಾರ ಯಾವುದನ್ನು ನಂಬಿಕೊಂಡಿದ್ದಾನೋ ಅದನ್ನು ಹೀಗೆ ಖಚಿತವಾಗಿ ಬರೆದಿಡುವುದೇ ಒಳ್ಳೆಯ ರಿಗ್ರೆಷನ್ ಟೆಸ್ಟ್‌ನ ಮೊದಲ ಲಕ್ಷಣ.

ಎರಡು ಸಲಕರಣೆ

ಕೆವಿಎಂ ಪರೀಕ್ಷಿಸಲು ಮುಖ್ಯವಾಗಿ ಎರಡು ಸಲಕರಣೆಗಳಿವೆ.

ಮೊದಲನೆಯದು ಕೆವಿಎಂ-ಯೂನಿಟ್-ಟೆಸ್ಟ್ಸ್. ಇದರಲ್ಲಿ ಒಂದೊಂದು ಟೆಸ್ಟೂ ತನ್ನಷ್ಟಕ್ಕೆ ಒಂದು ಪುಟಾಣಿ ಆಪರೇಟಿಂಗ್ ಸಿಸ್ಟಮ್. ಕ್ಯೂಎಂಯು ಅದನ್ನು ಕರ್ನಲ್ ಎಂದುಕೊಂಡು ಬೂಟ್ ಮಾಡುತ್ತದೆ. ಒಳಗೆ ಬೇರೇನೂ ಇಲ್ಲದ್ದರಿಂದ ಪ್ರೊಸೆಸರ್‌ನ ಯಾವುದೇ ವಿಚಿತ್ರ ಸ್ಥಿತಿಗೂ ಹೋಗಿ ನೋಡಬಹುದು. ಪುಟ ಕೋಷ್ಟಕ, ಇಂಟರಪ್ಟ್, ಅಪರೂಪದ ಆಜ್ಞೆಗಳು ಗೆಸ್ಟ್‌ನ ಕಣ್ಣಿಗೆ ನಿಜವಾದ ಪ್ರೊಸೆಸರಿನಂತೆಯೇ ಕಾಣುತ್ತವೆಯೇ ಎಂದು ನೋಡಲು ಇದು ಸೂಕ್ತ.

ಎರಡನೆಯದು ಕೆವಿಎಂ ಸೆಲ್ಫ್‌ಟೆಸ್ಟ್‌ಗಳು. ಗೂಗಲ್ ಕೊಟ್ಟ ಈ ಚೌಕಟ್ಟನ್ನು ಕೆವಿಎಂ ನಿರ್ವಾಹಕ ಪಾವೊಲೊ ಬೊಂಜಿನಿ ಓರಣಗೊಳಿಸಿ 2018ರಲ್ಲಿ ಕರ್ನಲ್‌ನ ಮೂಲದೊಳಕ್ಕೇ ಸೇರಿಸಿದರು. ಟೂಲ್ಸ್ ಫೋಲ್ಡರಿನೊಳಗೆ ಟೆಸ್ಟಿಂಗ್, ಅದರೊಳಗೆ ಸೆಲ್ಫ್‌ಟೆಸ್ಟ್ಸ್, ಅದರೊಳಗೆ ಕೆವಿಎಂ, ಇದು ಅದರ ವಿಳಾಸ. ಇಲ್ಲಿ ಕ್ಯೂಎಂಯು ಬೇಕಿಲ್ಲ. ಟೆಸ್ಟ್ ಪ್ರೋಗ್ರಾಂ ತಾನೇ ಕೆವಿಎಂ ಜೊತೆ ಮಾತಾಡುತ್ತದೆ. ಕರ್ನಲ್ ಹೊರಜಗತ್ತಿಗೆ ಕೊಟ್ಟ ಐಯಾಕ್ಟಲ್ ಕರೆಗಳ ವರ್ತನೆ, ವರ್ಚುವಲ್ ಮಷೀನಿನ ಸ್ಥಿತಿಯನ್ನು ಉಳಿಸಿ ಮರಳಿ ತರುವುದು, ಗೆಸ್ಟ್ ಮತ್ತು ಹೋಸ್ಟ್ ಎರಡನ್ನೂ ಒಟ್ಟಿಗೆ ನಿಯಂತ್ರಿಸಬೇಕಾದ ಸನ್ನಿವೇಶಗಳಿಗೆ ಇದೇ ಸರಿ. ಕಲಿಯುವವರು ಇಲ್ಲಿಂದ ಶುರುಮಾಡುವುದು ಒಳ್ಳೆಯದು.

ಒಂದು ಟೆಸ್ಟ್ ಕಟ್ಟೋಣ

ಲೈವ್ ಮೈಗ್ರೇಷನ್‌ನ ಇನ್ನೊಂದು ಅಂಗವನ್ನು ತೆಗೆದುಕೊಳ್ಳೋಣ. ಗೆಸ್ಟ್ ಓಡುತ್ತಿರುವಾಗಲೇ ಅದರ ಮೆಮೊರಿಯನ್ನು ನಕಲು ಮಾಡುತ್ತಾ ಹೋಗುತ್ತಾರಲ್ಲ, ನಕಲಾದ ಮೇಲೆ ಗೆಸ್ಟ್ ಯಾವ ಪುಟಕ್ಕೆ ಮತ್ತೆ ಬರೆಯಿತು ಎಂದು ತಿಳಿಯಬೇಕು. ಅದಕ್ಕೆ ಕೆವಿಎಂ ಡರ್ಟಿ ಲಾಗ್ ಇಡುತ್ತದೆ. ಪುಟಕ್ಕೊಂದು ಬಿಟ್. 4 ಕೆಬಿ ಪುಟದ ಲೆಕ್ಕದಲ್ಲಿ 1 ಜಿಬಿ ಮೆಮೊರಿಗೆ 2,62,144 ಪುಟ. ಅಷ್ಟಕ್ಕೂ ಸೇರಿ 32 ಕೆಬಿ ಲಾಗ್ ಸಾಕು. ಒಂದೇ ಒಂದು ಬಿಟ್ ತಪ್ಪಿದರೂ ಆ ಪುಟದ ಹಳೆಯ ನಕಲೇ ಹೊಸ ಸರ್ವರಿನಲ್ಲಿ ಉಳಿಯುತ್ತದೆ. ಯಾರದೋ ಡೇಟಾಬೇಸ್ ಸದ್ದಿಲ್ಲದೆ ಹಾಳಾಗುತ್ತದೆ. ಮಷೀನ್ ನಿಲ್ಲುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಇಂಥ ಕಡೆಯೇ ಟೆಸ್ಟ್ ಬೇಕಾಗಿರುವುದು.

ತಪ್ಪುವುದು ಎಲ್ಲಿ? ಲಾಗ್ ಇಡುವ ಒಂದು ವಿಧಾನದಲ್ಲಿ ಕೆವಿಎಂ ಪುಟಗಳಿಗೆ ಬರೆಯುವ ಅನುಮತಿಯನ್ನು ತೆಗೆದುಹಾಕುತ್ತದೆ. ಗೆಸ್ಟ್ ಬರೆಯಹೋದಾಗ ತಡೆ ಬೀಳುತ್ತದೆ. ಕೆವಿಎಂ ಆ ಬಿಟ್ ಹಾಕಿ, ಅನುಮತಿ ಮರಳಿ ಕೊಡುತ್ತದೆ. ಹೋಸ್ಟ್ ಲಾಗ್ ಓದಿಕೊಂಡಾಗ ಬಿಟ್ ಅಳಿಸಿ, ಅನುಮತಿಯನ್ನು ಮತ್ತೆ ತೆಗೆಯಬೇಕು. ಜೊತೆಗೆ ಪ್ರೊಸೆಸರ್ ತನ್ನ ಟಿಎಲ್‌ಬಿಯಲ್ಲಿ ನೆನಪಿಟ್ಟುಕೊಂಡ ಹಳೆಯ ಅನುಮತಿಯನ್ನೂ ಅಳಿಸಬೇಕು. ಈ ಕೊನೆಯ ಹೆಜ್ಜೆಯನ್ನು ಯಾರಾದರೂ ವೇಗದ ಆಸೆಗೆ ಕೈಬಿಟ್ಟರೆ, ಗೆಸ್ಟ್ ತಡೆಯೇ ಇಲ್ಲದೆ ಬರೆಯುತ್ತಾ ಹೋಗುತ್ತದೆ, ಲಾಗ್ ಖಾಲಿಯಾಗಿಯೇ ಇರುತ್ತದೆ.

ಈಗ ಟೆಸ್ಟ್. ಸೆಲ್ಫ್‌ಟೆಸ್ಟ್ ಕಡತದಲ್ಲಿ ಎರಡು ಭಾಗ ಇರುತ್ತವೆ: ಗೆಸ್ಟ್ ಒಳಗೆ ಓಡುವ ಒಂದು ಫಂಕ್ಷನ್, ಹೊರಗೆ ಓಡುವ ಮೇನ್ ಫಂಕ್ಷನ್. ಎರಡೂ ಒಂದೇ ಸಿ ಕಡತದಲ್ಲಿದ್ದರೂ ಓಡುವ ಲೋಕ ಬೇರೆ. ಗೆಸ್ಟ್ ಫಂಕ್ಷನ್‌ಗೆ ಆಪರೇಟಿಂಗ್ ಸಿಸ್ಟಮ್ ಇಲ್ಲ, ಸಿ ಲೈಬ್ರರಿ ಇಲ್ಲ. ಅಲ್ಲಿ ಎಂದಿನ ಪ್ರಿಂಟ್‌ಎಫ್ ಆಗಲಿ ಮ್ಯಾಲಕ್ ಆಗಲಿ ಕರೆಯುವಂತಿಲ್ಲ. ಹೊರಗಿನವರಿಗೆ ಸುದ್ದಿ ಮುಟ್ಟಿಸಲು ಚೌಕಟ್ಟು ಯುಕಾಲ್ ಎಂಬ ಮಾರ್ಗ ಕೊಟ್ಟಿದೆ. ಗೆಸ್ಟ್ ಒಂದು ನಿಗದಿತ ಎಕ್ಸಿಟನ್ನು ಬೇಕೆಂದೇ ಉಂಟುಮಾಡುತ್ತದೆ. ಅದಕ್ಕೆ ಇಂಟೆಲ್, ಎಎಂಡಿಯಲ್ಲಿ ಒಂದು ಐಒ ಪೋರ್ಟ್ ಓದುತ್ತದೆ, ಆರ್ಮ್‌ನಲ್ಲಿ ಒಂದು ಮೀಸಲು ವಿಳಾಸಕ್ಕೆ ಬರೆಯುತ್ತದೆ, ರಿಸ್ಕ್-ಫೈವ್‌ನಲ್ಲಿ ಈಕಾಲ್ ಆಜ್ಞೆ ಬಳಸುತ್ತದೆ. ನೀವು ಬರೆಯಬೇಕಾದದ್ದು ಇಷ್ಟೇ: ಈ ಹಂತ ಮುಟ್ಟಿದೆ ಎನ್ನಲು ಗೆಸ್ಟ್ ಸಿಂಕ್, ಹೀಗಿರಲೇಬೇಕು ಎನ್ನಲು ಗೆಸ್ಟ್ ಅಸರ್ಟ್, ಮುಗಿಯಿತು ಎನ್ನಲು ಗೆಸ್ಟ್ ಡನ್.

ಮೊದಲ ಹಂತದ ಟೆಸ್ಟ್ ಹೀಗೆ ಸಾಗುತ್ತದೆ:

1. ಹೊರಗಿನ ಭಾಗ ಒಂದು ವರ್ಚುವಲ್ ಸಿಪಿಯು ಇರುವ ಮಷೀನ್ ಸೃಷ್ಟಿಸಿ, ಡರ್ಟಿ ಲಾಗ್ ಇಡಬೇಕೆಂಬ ಗುರುತಿನೊಂದಿಗೆ ಒಂದು ಮೆಮೊರಿ ತುಂಡನ್ನು ಸೇರಿಸುತ್ತದೆ.

2. ಗೆಸ್ಟ್ ಆ ತುಂಡಿನ 3ನೇ ಮತ್ತು 7ನೇ ಪುಟಕ್ಕೆ ಬರೆದು, ಗೆಸ್ಟ್ ಸಿಂಕ್ ಹೇಳಿ ನಿಲ್ಲುತ್ತದೆ. ಈ ಬರಹವನ್ನು ಕಂಪೈಲರ್ ಬೇಡವೆಂದು ತೆಗೆದುಹಾಕದಂತೆ ರೈಟ್-ಒನ್ಸ್ ಮ್ಯಾಕ್ರೊ ಬಳಸಬೇಕು.

3. ಹೊರಗಿನ ಭಾಗ ಲಾಗ್ ಓದುತ್ತದೆ. 3 ಮತ್ತು 7ರ ಬಿಟ್ ಇರಬೇಕು. ಬೇರೆ ಯಾವ ಪುಟದ್ದೂ ಇರಬಾರದು. ಇದ್ದದ್ದನ್ನು ನೋಡಿದರೆ ಸಾಲದು, ಇರಬಾರದ್ದು ಇಲ್ಲ ಎಂಬುದನ್ನೂ ನೋಡಬೇಕು. ಎಲ್ಲ ಬಿಟ್‌ಗಳನ್ನೂ 1 ಮಾಡಿಟ್ಟ ಕೆಟ್ಟ ಕರ್ನಲ್ ಕೂಡ ಮೊದಲ ಅರ್ಧ ಪಾಸಾಗಿಬಿಡುತ್ತದೆ.

4. ಗೆಸ್ಟ್ 3ನೇ ಪುಟಕ್ಕೆ ಮತ್ತೆ ಬರೆಯುತ್ತದೆ. ಈ ಬಾರಿ ಲಾಗ್‌ನಲ್ಲಿ 3 ಮಾತ್ರ ಬರಬೇಕು. ಅನುಮತಿಯನ್ನು ಮತ್ತೆ ತೆಗೆದಿದ್ದಾರೆಯೇ ಎಂಬುದು ಬಯಲಾಗುವುದು ಇಲ್ಲೇ.

5. ಗೆಸ್ಟ್ ಏನೂ ಬರೆಯದೆ ಇನ್ನೊಮ್ಮೆ ನಿಂತಾಗ ಲಾಗ್ ಖಾಲಿ ಇರಬೇಕು. ಆಮೇಲೆ ಗೆಸ್ಟ್ ಡನ್.

ಎರಡನೆಯ ಹಂತದಲ್ಲಿ ಕಷ್ಟ ಕೊಡಬೇಕು. ನಿಜವಾದ ಮೈಗ್ರೇಷನ್‌ನಲ್ಲಿ ಗೆಸ್ಟ್ ನಿಲ್ಲುವುದಿಲ್ಲ. ಹಾಗಾಗಿ ವರ್ಚುವಲ್ ಸಿಪಿಯುವನ್ನು ಬೇರೆ ಥ್ರೆಡ್‌ನಲ್ಲಿ ಬಿಟ್ಟು, ಅದು ಬರೆಯುತ್ತಿರುವಾಗಲೇ ಮುಖ್ಯ ಥ್ರೆಡ್ ಲಾಗ್ ಓದುತ್ತಿರಬೇಕು. ಕರ್ನಲ್‌ನಲ್ಲಿ ಈಗಾಗಲೇ ಇರುವ ಡರ್ಟಿ-ಲಾಗ್-ಟೆಸ್ಟ್ ಮಾಡುವುದು ಇದನ್ನೇ. ಗೆಸ್ಟ್ ಯಾದೃಚ್ಛಿಕ ಪುಟಗಳಿಗೆ ಈಗ ನಡೆಯುತ್ತಿರುವ ಸುತ್ತಿನ ಸಂಖ್ಯೆಯನ್ನೇ ಬರೆಯುತ್ತದೆ. ಹೊರಗಿನ ಭಾಗ ಲಾಗ್ ಓದಿ, ಪುಟದೊಳಗಿನ ಸಂಖ್ಯೆಯನ್ನೂ ನೋಡಿ, ಎರಡೂ ತಾಳೆಯಾಗುತ್ತವೆಯೇ ಎಂದು ಪರಿಶೀಲಿಸುತ್ತದೆ. ಪುಟದಲ್ಲಿ ಹೊಸ ಸಂಖ್ಯೆ ಇದ್ದು ಲಾಗ್‌ನಲ್ಲಿ ಬಿಟ್ ಇಲ್ಲವೆಂದರೆ ಒಂದು ಬರಹ ಕಳೆದುಹೋಗಿದೆ ಎಂದೇ ಅರ್ಥ.

ಮೂರನೆಯದು ಅಂಚಿನ ಪ್ರಕರಣ. ಇಂಟೆಲ್‌ನ ಹಲವು ಪ್ರೊಸೆಸರ್‌ಗಳಲ್ಲಿ ಬರೆದ ಪುಟಗಳ ವಿಳಾಸವನ್ನು ಹಾರ್ಡ್‌ವೇರೇ ಒಂದು ಬಫರ್‌ನಲ್ಲಿ ದಾಖಲಿಸುತ್ತದೆ. ಆ ಬಫರ್‌ನಲ್ಲಿ 512 ವಿಳಾಸಕ್ಕೆ ಜಾಗ. ತುಂಬಿದರೆ ಎಕ್ಸಿಟ್. ಅಂದಮೇಲೆ ಗೆಸ್ಟ್ ಒಂದೇ ಉಸಿರಿಗೆ 511, 512, 513 ಪುಟಗಳಿಗೆ ಬರೆದರೆ ಏನಾಗುತ್ತದೆ ಎಂದು ಬೇರೆ ಬೇರೆಯಾಗಿ ನೋಡಬೇಕು. ದೋಷಗಳು ನಡುವಿಗಿಂತ ಅಂಚಿನಲ್ಲೇ ಹೆಚ್ಚು.

ಒಳ್ಳೆಯ ಟೆಸ್ಟ್‌ನ ನಿಯಮಗಳು

ಮೊದಲು ಫೇಲ್ ಆಗಬೇಕು. ದೋಷ ಇರುವ ಕರ್ನಲ್‌ನಲ್ಲಿ ಟೆಸ್ಟ್ ಓಡಿಸಿ, ಅದು ಫೇಲ್ ಆಗುವುದನ್ನು ಕಣ್ಣಾರೆ ನೋಡಿ. ಆಮೇಲೆ ಪರಿಹಾರದ ಪ್ಯಾಚ್ ಹಾಕಿ, ಪಾಸಾಗುವುದನ್ನು ನೋಡಿ. ದೋಷ ಆಗಲೇ ಸರಿಹೋಗಿದ್ದರೆ ಆ ಪ್ಯಾಚನ್ನು ತಾತ್ಕಾಲಿಕವಾಗಿ ಹಿಂತೆಗೆದು ಕರ್ನಲ್ ಕಟ್ಟಿ ಪರೀಕ್ಷಿಸಿ. ಒಮ್ಮೆಯೂ ಫೇಲ್ ಆಗದ ಟೆಸ್ಟ್ ಏನನ್ನಾದರೂ ಕಾಯುತ್ತಿದೆ ಎನ್ನಲು ಆಧಾರವೇ ಇಲ್ಲ.

ಸೌಲಭ್ಯ ಇಲ್ಲದಿರುವುದು ಬೇರೆ, ಕೆಟ್ಟಿರುವುದು ಬೇರೆ. ನಿಮ್ಮ ಲ್ಯಾಪ್‌ಟಾಪ್‌ನ ಪ್ರೊಸೆಸರ್‌ನಲ್ಲಿ ಇಲ್ಲದ ಸೌಲಭ್ಯಕ್ಕೆ ಟೆಸ್ಟ್ ಫೇಲ್ ಎನ್ನಬಾರದು, ಪಾಸ್ ಎಂದೂ ಸುಳ್ಳು ಹೇಳಬಾರದು. ಟೆಸ್ಟ್ ರಿಕ್ವೈರ್ ಎಂಬ ಮ್ಯಾಕ್ರೊ ಇರುವುದು ಇದಕ್ಕೇ. ಬೇಕಾದದ್ದು ಇಲ್ಲವೆಂದರೆ ಟೆಸ್ಟ್ 4 ಎಂಬ ಸಂಖ್ಯೆಯೊಂದಿಗೆ ಹೊರಬರುತ್ತದೆ. ಓಡಿಸುವ ವ್ಯವಸ್ಥೆ ಅದನ್ನು ಸ್ಕಿಪ್ ಎಂದು ದಾಖಲಿಸುತ್ತದೆ. ಫಲಿತಾಂಶ ಓದುವಾಗ ಸ್ಕಿಪ್‌ಗಳನ್ನೂ ಎಣಿಸಿ. ಎಲ್ಲ ಸ್ಕಿಪ್ ಆಗಿದ್ದರೆ ಏನೂ ಪರೀಕ್ಷೆಯಾಗಿಲ್ಲ.

ತಪ್ಪು ದಾರಿಯನ್ನೂ ಪರೀಕ್ಷಿಸಿ. ಸರಿಯಾದ ಬೆಲೆ ಕೊಟ್ಟಾಗ ಕೆಲಸ ಮಾಡುತ್ತದೆ ಎಂಬುದು ವರ್ಚುವಲ್ ಮಷೀನ್ ಬೂಟ್ ಮಾಡಿದರೇ ಗೊತ್ತಾಗುತ್ತದೆ. ತಪ್ಪು ಬೆಲೆ ಕೊಟ್ಟಾಗ ಕರ್ನಲ್ ನಿರಾಕರಿಸುತ್ತದೆಯೇ, ಸರಿಯಾದ ದೋಷಸಂಖ್ಯೆಯನ್ನೇ ಹಿಂತಿರುಗಿಸುತ್ತದೆಯೇ ಎಂಬುದು ಮಾಮೂಲಿ ಬಳಕೆಯಲ್ಲಿ ಬಯಲಾಗುವುದೇ ಇಲ್ಲ. ಇಂಟೆಲ್, ಎಎಂಡಿ ಬಗೆಯ ಕೆವಿಎಂನ ನಿರ್ವಾಹಕರು ಬರೆದಿಟ್ಟಿರುವ ನಿಯಮದ ಪ್ರಕಾರ, ಹೊಸ ಹಾರ್ಡ್‌ವೇರ್ ಸೌಲಭ್ಯ ಸೇರಿಸುವಾಗ ಇಂಥ ನಿರಾಕರಣೆಯ ಟೆಸ್ಟ್‌ಗಳು ಕಡ್ಡಾಯ.

ಮತ್ತೆ ಓಡಿಸಿದರೆ ಅದೇ ಫಲ ಬರಬೇಕು. ಇಷ್ಟು ಸೆಕೆಂಡು ಕಾದು ನೋಡೋಣ ಎಂಬ ಊಹೆಯ ಮೇಲೆ ಟೆಸ್ಟ್ ಕಟ್ಟಬೇಡಿ. ನಿಧಾನದ ಯಂತ್ರದಲ್ಲಿ ಅದು ಸುಮ್ಮನೆ ಫೇಲ್ ಆಗುತ್ತದೆ. ಆಗಾಗ ಸುಳ್ಳು ಕೂಗುವ ಟೆಸ್ಟನ್ನು ಜನ ಬೇಗ ಕಡೆಗಣಿಸುತ್ತಾರೆ. ಯಾದೃಚ್ಛಿಕ ಸಂಖ್ಯೆ ಬಳಸಿದರೆ ಅದರ ಸೀಡ್ ಮುದ್ರಿಸಿ, ಅದೇ ಸೀಡ್‌ನಿಂದ ಮತ್ತೆ ಓಡಿಸಲು ಅವಕಾಶ ಕೊಡಿ. ಮೇಲೆ ಹೇಳಿದ ಎರಡು ಸಲ ಓದುವ ದೋಷದಂಥ ಪೈಪೋಟಿಯ ತಪ್ಪುಗಳಿಗೆ ಒಂದೇ ಓಟ ಸಾಲದು. ಒಂದು ವರ್ಚುವಲ್ ಸಿಪಿಯು ಬೆಲೆಯನ್ನು ಬಿಡುವಿಲ್ಲದೆ ಬದಲಿಸುತ್ತಿರಲಿ, ಇನ್ನೊಂದು ಕರ್ನಲ್‌ನ ಬಾಗಿಲು ತಟ್ಟುತ್ತಿರಲಿ. ಸುತ್ತುಗಳ ಸಂಖ್ಯೆ ನಿಗದಿಯಾಗಿರಲಿ.

ಫೇಲ್ ಆದಾಗ ಏನಾಯಿತೆಂದು ಹೇಳಬೇಕು. ಹೊರಗಿನ ಭಾಗ ಬಳಸುವ ಟೆಸ್ಟ್ ಅಸರ್ಟ್‌ನಲ್ಲಿ ಬರೀ ತಪ್ಪಾಗಿದೆ ಎಂದು ಬರೆಯಬೇಡಿ. ಎಷ್ಟನೇ ಪುಟ, ಏನು ನಿರೀಕ್ಷೆಯಿತ್ತು, ಏನು ಸಿಕ್ಕಿತು ಎಂದು ಬರೆಯಿರಿ. ಐದು ವರ್ಷದ ನಂತರ ಅದನ್ನು ಓದುವವರು ನಿಮ್ಮನ್ನು ಕಂಡಿರುವುದಿಲ್ಲ.

ಮನೆಯ ಲ್ಯಾಪ್‌ಟಾಪ್‌ನಲ್ಲೇ

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಲ್ಯಾಪ್‌ಟಾಪ್‌ನ ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆನ್ ಮಾಡಿ, ಲಿನಕ್ಸ್ ಹಾಕಿಕೊಳ್ಳಿ. ಪ್ರಯೋಗದ ಕರ್ನಲನ್ನು ನೇರವಾಗಿ ಲ್ಯಾಪ್‌ಟಾಪ್ ಮೇಲೆ ಓಡಿಸಬೇಡಿ. ಕೆವಿಎಂನ ತಪ್ಪು ಇಡೀ ಯಂತ್ರವನ್ನೇ ನಿಲ್ಲಿಸಿಬಿಡಬಹುದು. ಒಂದು ವರ್ಚುವಲ್ ಮಷೀನ್ ಮಾಡಿ, ಅದರೊಳಗೆ ನಿಮ್ಮ ಕರ್ನಲ್ ಬೂಟ್ ಮಾಡಿ, ಅದರೊಳಗೆ ಟೆಸ್ಟ್ ಓಡಿಸಿ. ನೆಸ್ಟೆಡ್ ವರ್ಚುವಲೈಸೇಷನ್ ಇಂಟೆಲ್ ಯಂತ್ರಗಳಲ್ಲಿ ಲಿನಕ್ಸ್ 4.20ರಿಂದ ತಾನಾಗಿಯೇ ಆನ್ ಇರುತ್ತದೆ. ಕರ್ನಲ್ ಕಟ್ಟುವಾಗ ಮೆಮೊರಿ ತಪ್ಪು ಹಿಡಿಯುವ ಕೇಸ್ಯಾನ್, ಲಾಕ್ ತಪ್ಪು ಹಿಡಿಯುವ ಲಾಕ್‌ಡೆಪ್ ಎರಡನ್ನೂ ಆನ್ ಮಾಡಿ. ಟೆಸ್ಟ್ ಪಾಸಾದರೂ ಡಿಮೆಸೇಜ್‌ನಲ್ಲಿ ಎಚ್ಚರಿಕೆ ಬಂದಿದ್ದರೆ ಅದು ಪಾಸಲ್ಲ.

ಕರ್ನಲ್ ಮೂಲದಲ್ಲಿ ಮೊದಲು ಹೆಡರ್‌ಗಳನ್ನು ಸಿದ್ಧಪಡಿಸಿ, ಆಮೇಲೆ ಸೆಲ್ಫ್‌ಟೆಸ್ಟ್ಸ್ ಫೋಲ್ಡರಿನಲ್ಲಿ ಟಾರ್ಗೆಟ್ ಕೆವಿಎಂ ಎಂದು ಕೊಟ್ಟು ಮೇಕ್ ಓಡಿಸಿದರೆ ಎಲ್ಲ ಟೆಸ್ಟ್‌ಗಳೂ ಸಿದ್ಧ. ಒಂದೊಂದೂ ಬಿಡಿ ಪ್ರೋಗ್ರಾಂ. ಬೇಕಾದದ್ದನ್ನು ಮಾತ್ರ ಓಡಿಸಬಹುದು.

ಕೆಟ್ಟಿದ್ದು ಕಂಡಿತು, ಕೆಡಿಸಿದ್ದು ಯಾವ ಬದಲಾವಣೆ? ಇಲ್ಲಿ ಗಿಟ್ ಬೈಸೆಕ್ಟ್ ಕೈಹಿಡಿಯುತ್ತದೆ. ಸರಿಯಿದ್ದ ಆವೃತ್ತಿ, ಕೆಟ್ಟ ಆವೃತ್ತಿ ಎರಡನ್ನೂ ಹೇಳಿದರೆ ಅದು ನಡುವಿನದನ್ನು ಕೊಡುತ್ತದೆ. ಕಟ್ಟಿ, ಟೆಸ್ಟ್ ಓಡಿಸಿ, ಸರಿಯೋ ಕೆಟ್ಟದ್ದೋ ಹೇಳಿದರೆ ಉಳಿದದ್ದರಲ್ಲಿ ಅರ್ಧ ಕಳೆಯುತ್ತದೆ. 14,000 ಬದಲಾವಣೆಗಳಿದ್ದರೂ ಹೆಚ್ಚೆಂದರೆ 14 ಸುತ್ತಿನಲ್ಲಿ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ. ಆದರೆ ಪ್ರತಿ ಸುತ್ತಿನಲ್ಲೂ ಖಚಿತ ಉತ್ತರ ಕೊಡುವ ಟೆಸ್ಟ್ ಕೈಯಲ್ಲಿರಬೇಕು. ಒಂದು ಸುತ್ತಿನಲ್ಲಿ ಸುಳ್ಳು ಉತ್ತರ ಬಂದರೂ ಮುಂದಿನದೆಲ್ಲ ದಾರಿ ತಪ್ಪುತ್ತದೆ.

ಕಳಿಸುವಾಗ ಪರಿಹಾರ ಒಂದು ಪ್ಯಾಚ್, ಟೆಸ್ಟ್ ಇನ್ನೊಂದು ಪ್ಯಾಚ್ ಆಗಿರಲಿ. ಪರಿಹಾರ ಮೊದಲು, ಟೆಸ್ಟ್ ಆಮೇಲೆ. ಇಲ್ಲದಿದ್ದರೆ ಇತಿಹಾಸದಲ್ಲಿ ಒಂದು ಘಟ್ಟದಲ್ಲಿ ಟೆಸ್ಟ್ ಬೇಕೆಂದೇ ಫೇಲ್ ಆಗುತ್ತಾ ಉಳಿದು, ಮುಂದೆ ಬೈಸೆಕ್ಟ್ ಮಾಡುವವರಿಗೆ ತೊಡಕಾಗುತ್ತದೆ. ಪರಿಹಾರದ ವಿವರಣೆಯಲ್ಲಿ ಫಿಕ್ಸಸ್ ಎಂಬ ಸಾಲು ಬರೆದು, ದೋಷ ತಂದ ಬದಲಾವಣೆಯ ಗುರುತಿನ ಮೊದಲ 12 ಅಕ್ಷರಗಳನ್ನೂ ಅದರ ಶೀರ್ಷಿಕೆಯನ್ನೂ ಕೊಡಿ. ಹಳೆಯ ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವವರು ಯಾವುದಕ್ಕೆಲ್ಲ ಪರಿಹಾರ ಒಯ್ಯಬೇಕೆಂದು ನಿರ್ಧರಿಸಲು ಈ ಸಾಲು ಬಹಳ ನೆರವಾಗುತ್ತದೆ. ಯಾರಿಗೆ ಕಳಿಸಬೇಕೆಂದು ಕರ್ನಲ್ ಮೂಲದಲ್ಲೇ ಇರುವ ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ. ಬರಹದ ಶಿಸ್ತನ್ನು ಚೆಕ್‌ಪ್ಯಾಚ್ ಸ್ಕ್ರಿಪ್ಟ್ ನೋಡುತ್ತದೆ. ಕೊನೆಗೆ ನಿಮ್ಮ ಹೆಸರಿನ ಸೈನ್ಡ್-ಆಫ್-ಬೈ ಸಾಲು ಇರಲೇಬೇಕು.

ತುಮಕೂರಿನ ಕಾಲೇಜುಗಳಿಗೆ ಒಂದು ಮಾತು

ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರಿಂದ ತುಮಕೂರಿನಲ್ಲಿದೆ. ಜಿಲ್ಲೆಯಲ್ಲಿ ಬೇರೆ ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯಿಂದ ಬಸ್ಸಿನಲ್ಲಿ ಬಂದು ಓದುವ ಮಕ್ಕಳಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಇನ್ನೊಂದು ಮೊಬೈಲ್ ಆ್ಯಪ್ ಎಂದಷ್ಟೇ ಆಗಬಾರದು. ಕರ್ನಲ್‌ನಲ್ಲಿ ಸರಿಹೋದ ಆದರೆ ಟೆಸ್ಟ್ ಇಲ್ಲದ ಒಂದು ಕೆವಿಎಂ ದೋಷವನ್ನು ಹುಡುಕಿ, ಆ ಪರಿಹಾರವನ್ನು ಹಿಂತೆಗೆದು, ದೋಷವನ್ನು ಮರಳಿ ಕಾಣಿಸಿ, ಅದಕ್ಕೊಂದು ಟೆಸ್ಟ್ ಬರೆದು ಕಳಿಸುವುದು ಒಂದು ವರ್ಷದ ಕೆಲಸಕ್ಕೆ ತಕ್ಕ ವಿಷಯ. ಮೂಲ ಪೂರ್ತಿ ಮುಕ್ತವಾಗಿದೆ, ಖರ್ಚಿಲ್ಲ. ತಿದ್ದುವವರು ಈ ಕ್ಷೇತ್ರವನ್ನು ಚೆನ್ನಾಗಿ ಬಲ್ಲವರು. ಅವರ ತಿದ್ದುಪಡಿಯನ್ನು ಟೀಕೆ ಎಂದುಕೊಳ್ಳದೆ ಪಾಠ ಎಂದುಕೊಂಡರೆ, ನಾಲ್ಕು ಸೆಮಿಸ್ಟರ್‌ಗಳಲ್ಲಿ ಕಲಿಯದ್ದು ನಾಲ್ಕು ಪ್ಯಾಚ್‌ಗಳಲ್ಲಿ ದಕ್ಕುತ್ತದೆ.

ಅಧ್ಯಾಪಕರಲ್ಲಿ ನನ್ನ ವಿನಂತಿ ಇದು: ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ನಲ್ಲಿ ಒಂದು ವಾರವನ್ನು ಇದಕ್ಕೆ ಮೀಸಲಿಡಿ. ಸೆಲ್ಫ್‌ಟೆಸ್ಟ್ ಕಟ್ಟಿ ಓಡಿಸುವುದರಿಂದ ಶುರುವಾಗಲಿ. ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ: ದೋಷ ಸರಿಪಡಿಸಿದಲ್ಲಿಗೆ ಕೆಲಸ ಅರ್ಧ ಮುಗಿದಂತೆ. ಅದು ಮತ್ತೆ ಬಂದರೆ ಹಿಡಿಯುವ ಟೆಸ್ಟ್ ಕರ್ನಲ್‌ಗೆ ಸೇರಿದ ಮೇಲೆಯೇ ಪೂರ್ತಿ ಮುಗಿದಂತೆ.